ಬಲಕ್ಕೆ ಸುತ್ತುವ ಫ್ಯಾನು

ಗಾಳಿ ಬರುತ್ತಿದೆ, ಎಂದು ಆನಂದಪ್ಪ ತನಗೆ ತಾನೇ ಹೇಳಿಕೊಂಡ. ಭಾನುವಾರದ ಬೆಳಿಗ್ಗೆ, ಇನ್ನೂ ಎಂಟು ಗಂಟೆ. ಯಲಹಂಕದ ಹಳೇ ಊರಿನಲ್ಲಿ ತಾನೇ ಕಟ್ಟಿಸಿದ ತಾರಸಿ ಮನೆಯ ನಡುಮನೆಯಲ್ಲಿ ಬನಿಯನ್ನು ಕಳಚಿ, ಚಾಪೆಯ ಮೇಲೆ ಅಂಗಾತ ಮಲಗಿ, ತಲೆಯ ಮೇಲೆ ಗರಗರ ತಿರುಗುತ್ತಿದ್ದ ಹೊಸ ಫ್ಯಾನನ್ನು ಅವನು ಒಂದು ಗಂಟೆಯಿಂದ ನೋಡುತ್ತಿದ್ದ. ರೆಗ್ಯುಲೇಟರು ಐದರಲ್ಲಿತ್ತು; ಅದರಿಂದ ಮುಂದೆ ನಂಬರು ಇರಲಿಲ್ಲ. ಇಷ್ಟು ಜೋರಾಗಿ ತಿರುಗುವ ವಸ್ತುವಿನಿಂದ ಗಾಳಿ ಬರದೆ ಇನ್ನೇನು ಬಂದೀತು? ಎದೆಯ ಮೇಲಿನ ಕೂದಲು ಅಲುಗುತ್ತಿದೆಯೇ ಎಂದು ಗದ್ದ ಒತ್ತಿ ನೋಡಿಕೊಂಡ. ಒಂದು ಕೂದಲು ಅಲುಗಿದಂತಾಯಿತು. ಉಸಿರು ಬಿಗಿಹಿಡಿದು ನೋಡಿದಾಗ ಅದೂ ನಿಂತಿತು. ತೋರುಬೆರಳನ್ನು ನೆಕ್ಕಿ ಮೇಲೆತ್ತಿ ಹಿಡಿದ, ಬೆರಳು ತಣ್ಣಗಾಯಿತು. ಆಹಾ ಎಂದುಕೊಳ್ಳುವಷ್ಟರಲ್ಲಿ, ನೆಕ್ಕಿದ ಬೆರಳು ಫ್ಯಾನೇ ಇಲ್ಲದ ಕಡೆಯಲ್ಲೂ ತಣ್ಣಗಾಗುತ್ತದಲ್ಲ ಎಂಬ ಹಾಳು ವಿಚಾರ ಹೊಳೆದು, ಕೈಯನ್ನು ಕಳ್ಳನ ಹಾಗೆ ಕೆಳಗಿಳಿಸಿದ. ಬೆನ್ನಿನ ಕೆಳಗೆ ಚಾಪೆ ಒದ್ದೆಯಾಗಿತ್ತು.

ಇವತ್ತು ಹನ್ನೊಂದರ ಬಸ್ಸಿಗೆ ರಾಜಾನುಕುಂಟೆಯಿಂದ ಮಾವ ಪಿಳ್ಳಪ್ಪ ಬರುತ್ತಿದ್ದರು. ಜೊತೆಗೆ ಆನಂದಪ್ಪನ ಹೆಂಡತಿ ಲಕ್ಷ್ಮಿದೇವಮ್ಮ, ಎಂಟು ತಿಂಗಳ ಮಗಳು. ಮಧ್ಯಾಹ್ನ ಊಟ, ಮೂರೂವರೆಯ ಬಸ್ಸಿಗೆ ಮಾವನವರ ವಾಪಸ್ಸು ಪ್ರಯಾಣ. ಆ ಬಸ್ಸನ್ನು ಒಬ್ಬರೇ ಹತ್ತುತ್ತಾರೋ ಮೂವರೂ ಹತ್ತುತ್ತಾರೋ ಎನ್ನುವುದರ ಮೇಲೆ ಆನಂದಪ್ಪನ ಸಂಸಾರ ನಿಂತಿತ್ತು. ಹೆಂಡತಿ ತವರಿಗೆ ಹೋಗಿ ಬರೋಬ್ಬರಿ ಒಂದು ವರ್ಷ. ಹೆರಿಗೆ ಆಯಿತು, ಬಾಣಂತನ ಮುಗಿಯಿತು, ಮಗಳಿಗೆ ಎರಡು ಹಲ್ಲೂ ಬಂದವು. ಅವಳು ಮಾತ್ರ ಬರಲಿಲ್ಲ. ಬೀದಿಯ ಹೆಂಗಸರು 'ಇನ್ನೂ ಬರ್ಲಿಲ್ವ?' ಎಂದು ಕೇಳುತ್ತಿದ್ದವರು ಈಚೀಚೆಗೆ ಕೇಳುವುದನ್ನೇ ಬಿಟ್ಟಿದ್ದು ಅವನಿಗೆ ಇನ್ನೂ ಹೆಚ್ಚು ಚುಚ್ಚುತ್ತಿತ್ತು. ಹೋದ ತಿಂಗಳು ಅವನೇ ನಾಚಿಕೆ ಬಿಟ್ಟು ಹೋಗಿ, ಫ್ಯಾನು ಹಾಕಿಸ್ತೀನಿ ಎಂದು ಮಾವನ ಮುಂದೆ ಹೇಳಿ ಬಂದಿದ್ದ. ಲಕ್ಷ್ಮಿದೇವಮ್ಮ ಒಳಗಿನಿಂದಲೇ, 'ಬಂದು ನೋಡ್ತೀನಿ. ತಂಪಾಗಿದ್ರೆ ಇರ್ತೀನಿ. ಇಲ್ದಿದ್ರೆ ಆ ಒಲೆಯೊಳಗೆ ಕೂಸಿನ ಇಕ್ಕಿ ಬೇಯಿಸಾಕೆ ನನ್ ಕೈಲಾಗಲ್ಲ' ಎಂದಿದ್ದಳು. ಒಲೆ! ಊರಿನ ಈ ಬೀದಿಗೆ ಮೊದಲನೆಯ ತಾರಸಿ ಮನೆ ಅದು.

ತಾರಸಿ ಹಾಕಿಸಿದ ದಿನ ಅವನಿಗೆ ನೆಲದ ಮೇಲೆ ಕಾಲು ನಿಂತಿರಲಿಲ್ಲ. ಹಂಚಿನ ಮನೆ ಕೆಡವಬೇಡಿ ಎಂದು ಹೇಳಿದವಳು ಹೆಂಡತಿ ಒಬ್ಬಳೇ. ಅವಳ ಮಾತು ಅವನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ಏಪ್ರಿಲ್ ಬಂತು. ಹಗಲೆಲ್ಲ ಬಿಸಿಲು ಕುಡಿದ ತಾರಸಿ ಸಂಜೆಯಾಗುತ್ತಲೂ ಅದನ್ನು ಒಳಕ್ಕೆ ಕಾರತೊಡಗಿತು. ಐದು ತಿಂಗಳ ಬಸುರಿ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಚಾಪೆ ಎಳೆದುಕೊಂಡು ಓಡಾಡಿದಳು. ಒಂದು ದಿನ ಮನೆ ಕಟ್ಟಿದ ಮೇಸ್ತ್ರಿಯೂ ಆನಂದಪ್ಪ ಕೆಲಸಕ್ಕಿದ್ದ ಮಂಡಿಯ ಇಬ್ಬರು ಗುಮಾಸ್ತರೂ ಮನೆ ನೋಡಿ ಹೊಗಳುತ್ತಾ ಕೂತಿದ್ದಾಗ ಅವಳು ಬಾಗಿಲಲ್ಲಿ ನಿಂತು, 'ಹೊಗಳೋರು ಒಂದ್ ಮಧ್ಯಾಹ್ನ ಇಲ್ಲಿ ಮಲಗಿ ನೋಡ್ರಿ' ಎಂದುಬಿಟ್ಟಳು. ಆನಂದಪ್ಪನ ಬಾಯಿಂದ ಆಗ ಹೊರಟ ಮಾತು ಇದು: 'ಅಷ್ಟು ಸೆಕೆ ಆದ್ರೆ ನಿಮ್ಮಪ್ಪನ ಗುಡ್ಲಲ್ಲಿ ಹೋಗಿ ಬಿದ್ಕೋ.' ಪಿಳ್ಳಪ್ಪನವರದ್ದು ಗುಡಿಸಲಲ್ಲ. ಮೂರಂಕಣದ ಹಂಚಿನ ಮನೆ, ಹಿತ್ತಲಲ್ಲಿ ಹುಣಿಸೇಮರ. ಅವಳು ಮಾರನೆಯ ಬೆಳಿಗ್ಗೆ ಬಸ್ಸು ಹತ್ತಿದಳು. ಬಿದ್ಕೋ ಎಂಬ ಆ ಪದ ಈಗಲೂ ಊಟಕ್ಕೆ ಕೂತಾಗ, ರೈಲಿನಲ್ಲಿ ಕಂಬಿ ಹಿಡಿದು ನಿಂತಾಗ, ಇದ್ದಕ್ಕಿದ್ದಂತೆ ನೆನಪಾಗಿ ಅವನ ಕಿವಿ ಬಿಸಿಯಾಗುತ್ತಿತ್ತು. ಆದರೆ ತಪ್ಪಾಯಿತು ಅನ್ನುವ ಮಾತು ಅವನ ಬಾಯಲ್ಲಿ ಹೊರಡುವಂಥದ್ದಲ್ಲ. ಯಶವಂತಪುರದ ಒಂದು ಬೆಲ್ಲದ ಮಂಡಿಯಲ್ಲಿ ಪತ್ರ ಬರೆಯುವ ಗುಮಾಸ್ತ ಅವನು. 'ತಮಗಾದ ತೊಂದರೆಗೆ ವಿಷಾದಿಸುತ್ತೇವೆ' ಎಂದು ದಿನಕ್ಕೆ ನಾಲ್ಕು ಸಲ ಸೊಗಸಾದ ಅಕ್ಷರದಲ್ಲಿ ಬರೆಯುತ್ತಿದ್ದ, ಸಹಿ ಸಾಹುಕಾರರದ್ದು.

'ಎದ್ದೇಳೋ, ಎಷ್ಟೊತ್ತು ಬಿದ್ದಿರ್ತೀಯ' ಎಂದಳು ತಾಯಿ ಸೊಣ್ಣಮ್ಮ, ಅಡಿಗೆಮನೆಯಿಂದ. ಬಿದ್ದಿರ್ತೀಯ ಎಂಬುದನ್ನು ಕೇಳಿ ಅವನು ತಟ್ಟನೆ ಎದ್ದು ಕೂತ. ಅವ್ವನಿಗೆ ಬೆಳಿಗ್ಗೆಯಿಂದ ಬಿಡುವಿಲ್ಲ, ಸೊಸೆಗೆ ಇಷ್ಟವೆಂದು ಕೋಳಿ ಸಾರು. ನೋಡಲು ಹೋದರೆ ಇದಕ್ಕೆಲ್ಲ ಕಾರಣ ಅವ್ವನೇ, ಎಂದು ಆನಂದಪ್ಪ ಅಂದುಕೊಂಡ. ಅಂದುಕೊಂಡ ಮರುಕ್ಷಣ, ಅಲ್ಲ, ಸುಳ್ಳು, ಎಂದು ತನ್ನೊಳಗೇ ಯಾರೋ ಹೇಳಿದಂತಾಯಿತು.

ವೈರಿಂಗ್ ಕೆಲಸದ ಜಾಫರ್ ಮೇಸ್ತ್ರಿ ಫ್ಯಾನನ್ನು ತೂಗುಹಾಕಿ ಸ್ವಿಚ್ಚು ಒತ್ತಿದ್ದು ಸೋಮವಾರ ಸಂಜೆ. ಆಹಾ, ಏನು ಗಾಳಿ! ಗೋಡೆಯ ಮೇಲಿನ ಕ್ಯಾಲೆಂಡರು ಪಟಪಟ ಬಡಿದುಕೊಂಡಿತು. ಮಂಡಿಯಲ್ಲಿ ಸಾಹುಕಾರರ ತಲೆಯ ಮೇಲೆ ಮಾತ್ರ ಫ್ಯಾನು. ಹದಿನಾರು ವರ್ಷದಿಂದ ಅದರ ಗಾಳಿಯ ಸೆರಗಷ್ಟೇ ಉಂಡವನು ಈಗ ತನ್ನದೇ ಫ್ಯಾನಿನ ನಡುಮಧ್ಯೆ ನಿಂತು ಕಣ್ಣು ಮುಚ್ಚಿಕೊಂಡ. ಅಷ್ಟರಲ್ಲಿ ಸೊಣ್ಣಮ್ಮ ಎದೆಯ ಮೇಲೆ ಕೈಯಿಟ್ಟುಕೊಂಡು, 'ಅಯ್ಯೋ ನನ್ ಮಗನೇ, ಇದು ಎಡಕ್ಕೆ ಸುತ್ತುತಾ ಐತಲ್ಲೋ!' ಎಂದು ಕೂಗಿದಳು. ಕತ್ತೆತ್ತಿ ನೋಡಿದ. ಹೌದು, ಗಡಿಯಾರದ ಮುಳ್ಳಿಗೆ ಎದುರಾಗಿ, ಎಡಕ್ಕೆ. 'ಎಡಕ್ಕೆ ಸುತ್ತೋದು ಸಾವಿನ ಮನೇಲಿ ಕಣೋ. ಬಾಣಂತಿ, ಕೂಸು ಮಲಗೋ ಜಾಗದ ಮೇಲೆ ಹಿಂಗಾ?' ಎಂದಳು. ಸುಮ್ನಿರವ್ವ, ಮಿಷನ್ನಿಗೆ ಅದೆಲ್ಲ ಇಲ್ಲ, ಎಂದು ನಕ್ಕವನು ಆನಂದಪ್ಪನೇ. ಎಸ್ಸೆಸ್ಸೆಲ್ಸಿ ಪಾಸು ಮಾಡಿದವನಲ್ಲವೇ? ಆದರೆ ಆವತ್ತು ಮಲಗಿ ಮೇಲೆ ನೋಡಿದರೆ ಮೂರು ರೆಕ್ಕೆಗಳೂ ಎಡಕ್ಕೆ, ಎಡಕ್ಕೆ, ಎಡಕ್ಕೆ. ಎರಡು ವರ್ಷದ ಹಿಂದೆ ಅಪ್ಪನ ದೇಹದ ಸುತ್ತ ಅವನು ನೀರಿನ ಮಡಕೆ ಹೊತ್ತು ಸುತ್ತಿದ್ದು ಹಾಗೇ. ಮೊದಲು ಅಭ್ಯಾಸಬಲದಿಂದ ಬಲಕ್ಕೆ ಹೊರಟುಬಿಟ್ಟಿದ್ದ. ಚಿಕ್ಕಪ್ಪ ರಟ್ಟೆ ಹಿಡಿದು ಎಡಕ್ಕೆ ತಿರುಗಿಸಿದ್ದ. ಊರಿಗೆ ಊರೇ ನೋಡುತ್ತಿತ್ತು. ಅಪ್ಪನ ಸಾವಿಗಿಂತ ಆ ತಪ್ಪು ಹೆಜ್ಜೆಯ ನಾಚಿಕೆಯೇ ತನಗೆ ಹೆಚ್ಚು ನೆನಪಿದೆಯಲ್ಲ ಎಂಬುದು ಅವನ ಗುಟ್ಟಾದ ಸಂಕಟ. ಮೂರು ರಾತ್ರಿ ಆ ರೆಕ್ಕೆಗಳು ಅವನನ್ನು ಮಲಗಗೊಡಲಿಲ್ಲ. ತಣ್ಣನೆಯ ಗಾಳಿಯಲ್ಲಿ ಬೆವರುತ್ತಾ ಬಿದ್ದಿದ್ದ. ಗುರುವಾರ ಅವ್ವನಿಗೂ ಹೇಳದೆ ಜಾಫರನ ಅಂಗಡಿಗೆ ಹೋದವನು ಅವನೇ.

ಜಾಫರ್ ಮೊದಲು ತಮಾಷೆ ಎಂದುಕೊಂಡ. 'ಅರೇ ಸಾರ್, ರೆಕ್ಕೆ ಸ್ವಲ್ಪ ಓರೆ ಇಟ್ಟಿರೋದೇ ಗಾಳಿ ಕೆಳಗೆ ತಳ್ಳೋಕೆ. ಉಲ್ಟಾ ತಿರುಗಿಸಿದ್ರೆ ಗಾಳಿನ ಮೇಲಕ್ಕೆ ಎಳೀತದೆ. ಚಳಿಗಾಲ್ದಲ್ಲಿ ಸರಿ. ಹೆಬ್ಬಾಳದಲ್ಲಿ ಒಬ್ರು ದೊರೆ ಇದ್ರು, ಡಿಸೆಂಬರ್ ಬಂದ್ರೆ ಕರೆಸಿ ಉಲ್ಟಾ ಮಾಡಿಸೋರು, ಒಂದನೇ ನಂಬರಲ್ಲಿ ನಿಧಾನಕ್ಕೆ. ಮೇಲೆ ನಿಂತಿರೋ ಬಿಸಿ ಗೋಡೆ ಹಿಡ್ಕೊಂಡು ಕೆಳಗೆ ಇಳೀತದೆ. ಇದು ಏಪ್ರಿಲ್ ಸಾರ್!' ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರ ಮುಂದೆ ಒಬ್ಬ ವೈರಿಂಗ್ ಮಾಡುವವನಿಂದ ಪಾಠ ಹೇಳಿಸಿಕೊಳ್ಳುವುದೇ? ಆನಂದಪ್ಪ ಗಂಟಲು ಸರಿಮಾಡಿಕೊಂಡು, 'ನೋಡು ಜಾಫರ್, ಹದಿನಾರು ವರ್ಷದಿಂದ ದಿನಾ ರೈಲಲ್ಲಿ ಹೋಗಿಬರ್ತಿದೀನಿ. ಎಂಜಿನ್ನು ಮುಂದಕ್ಕೆ ಹೋದ್ರೂ ಹಿಂದಕ್ಕೆ ಹೋದ್ರೂ ಹೊಗೆ ಒಂದೇ ಕಡೆ ಹೋಗುತ್ತೆ. ನಂಗೇ ಹೇಳ್ತೀಯಾ?' ಎಂದ. ಇಂಥ ವಾದಕ್ಕೆ ಜಾಫರ್ ಎಲ್ಲಿಂದ ಉತ್ತರ ತಂದಾನು? 'ಆಯ್ತು ಸಾರ್, ಮನೆ ನಿಮ್ದು' ಎಂದು ಬಂದು, ಏಣಿ ಹತ್ತಿ, ಎರಡು ತಂತಿ ಅದಲುಬದಲು ಮಾಡಿ ಹೋದ. ಫ್ಯಾನು ಬಲಕ್ಕೆ ಸುತ್ತಿತು, ಗಡಿಯಾರದ ಮುಳ್ಳಿನ ಹಾಗೆ. ಶುಕ್ರವಾರ ಸೊಣ್ಣಮ್ಮ ಅದನ್ನು ನಿಲ್ಲಿಸಿ ಪೂಜೆ ಮಾಡಿಸಿದಳು. ಆನಂದಪ್ಪನೇ ಸ್ಟೂಲು ಹತ್ತಿ ಒಂದು ರೆಕ್ಕೆಗೆ ದೊಡ್ಡದಾಗಿ ಕುಂಕುಮ ಹಚ್ಚಿದ. ಮತ್ತೆ ಹಾಕಿದಾಗ ಊದುಬತ್ತಿಯ ಹೊಗೆ ದಾರ ಎಳೆದಂತೆ ನೆಟ್ಟಗೆ ಮೇಲಕ್ಕೆ ಹೋಗಿ ಫ್ಯಾನಿನೊಳಗೆ ಮಾಯವಾಯಿತು. 'ದ್ಯಾವ್ರು ಎಳ್ಕೊಂತಾವ್ನೆ ನೋಡು' ಎಂದು ಅವ್ವ ಕೈಮುಗಿದಳು. ಆನಂದಪ್ಪನೂ ನೋಡಿದ. ನೋಡಿದ್ದನ್ನು ಯೋಚಿಸಬಾರದೆಂದು ತೀರ್ಮಾನಿಸಿದ. ಕ್ಯಾಲೆಂಡರು ಆವತ್ತಿನಿಂದ ಗೋಡೆಗೆ ಅಂಟಿಕೊಂಡು ಸುಮ್ಮನಿತ್ತು. ಹೊಸ ಮಿಷನ್ನು, ಹೊಂದಿಕೊಳ್ಳಲು ನಾಲ್ಕು ದಿನ ಬೇಕು, ಎಂದು ಹೇಳಿಕೊಂಡ.

ಹನ್ನೊಂದರ ಬಸ್ಸು ಹನ್ನೊಂದೂವರೆಗೆ ಬಂತು. ಪಿಳ್ಳಪ್ಪ ಮೊದಲು ಒಳಗೆ ಬಂದರು. ಎತ್ತರದ ಆಳು, ಹೆಗಲ ಮೇಲೆ ಕೆಂಪಂಚಿನ ಟವಲು, ಕೈಯಲ್ಲೊಂದು ಹಲಸಿನಹಣ್ಣು. ಹಿಂದೆ ಲಕ್ಷ್ಮಿದೇವಮ್ಮ, ಸೊಂಟದಲ್ಲಿ ಮಗು. ಸೊಣ್ಣಮ್ಮ ಹೊಸಿಲಲ್ಲೇ ಆರತಿ ಎತ್ತಿ, ದೃಷ್ಟಿ ತೆಗೆದು, ಸೊಸೆಯ ಕೆನ್ನೆ ಸವರಿ ಕಣ್ಣೊರೆಸಿಕೊಂಡಳು. ಆನಂದಪ್ಪ ಪಕ್ಕದಲ್ಲಿ ನಿಂತು ನೋಡಿದ. ಹೆಂಡತಿ ಕೊಂಚ ದಪ್ಪಗಾಗಿದ್ದಾಳೆ, ಎಷ್ಟು ಚೆನ್ನಾಗಿದ್ದಾಳೆ, ಏನಾದರೂ ಹೇಳಬೇಕು ಎನಿಸಿ, ಬಾಯಿ ತೆರೆದು, 'ಬಸ್ಸು ಲೇಟಾ?' ಎಂದ. 'ಹೂಂ' ಎಂದಳು. ಮುಗಿಯಿತು ಒಂದು ವರ್ಷದ ಮಾತು. ಅವಳು ಒಳಗೆ ಬಂದು ಫ್ಯಾನನ್ನು ನೋಡಿದಳು. ಅವನು ಸ್ವಿಚ್ಚಿನ ಹತ್ತಿರ ಹೋಗಿ ನಿಂತು, ಊರಿಗೆ ದೀಪ ತಂದವನ ಗತ್ತಿನಲ್ಲಿ ಒತ್ತಿ, ರೆಗ್ಯುಲೇಟರನ್ನು ಟಕ್ ಟಕ್ ಎಂದು ಐದಕ್ಕೆ ತಿರುಗಿಸಿದ. 'ಮಾವ, ಸರಿಯಾಗಿ ಕೆಳಗೇ ಕೂತ್ಕೊಳ್ಳಿ' ಎಂದ.

ಪಿಳ್ಳಪ್ಪ ಕೂತರು. ಎಲ್ಲರೂ ಅವರ ಮುಖ ನೋಡಿದರು. ದೊಡ್ಡ ಮನುಷ್ಯ, ಅಳಿಯನ ಮನೆ, ಹಾಕಿಸಿದ್ದು ಮೊನ್ನೆ ಮೊನ್ನೆ. ಇಲ್ಲ ಅನ್ನುವುದು ಹೇಗೆ? 'ಐತೆ, ಐತೆ. ಏನ್ ಗಾಳಿ ಅಳಿಮಯ್ಯ, ಏನ್ ಗಾಳಿ!' ಎನ್ನುತ್ತಾ ಟವಲಿನಿಂದ ಮುಖ ಒರೆಸಿದರು. ಸ್ವಲ್ಪ ಹೊತ್ತಿಗೆ ಕತ್ತು ಒರೆಸಿದರು. ಊಟಕ್ಕೆ ಕೂತಾಗ ಬಿಸಿ ಮುದ್ದೆಯ ಹಬೆ ನೆಟ್ಟಗೆ ಮೇಲೇರಿ ಹೋಗುತ್ತಿತ್ತು. ಪಿಳ್ಳಪ್ಪನವರ ಹಣೆಯಿಂದ ಒಂದು ಹನಿ ಮೂಗಿನ ತುದಿಗೆ ಬಂದು, ಅಲ್ಲಿ ನಿಂತು ಯೋಚಿಸಿ, ಸಾರಿನೊಳಗೆ ಬಿತ್ತು. 'ಸಳಿ ಆಗ್ತದೇನೋ ಅನ್ನಿಸ್ತೈತೆ' ಎಂದು ಅವರು ಹೇಳಿದಾಗ ಆನಂದಪ್ಪನಿಗೆ ಎದೆಯಲ್ಲಿ ಚೂರಿ ಆಡಿಸಿದ ಹಾಗಾಯಿತು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಈ ಒಳ್ಳೆಯತನವನ್ನು ಎಲ್ಲಿಟ್ಟುಕೊಳ್ಳುವುದು? ತಾನೂ 'ಹೌದು, ನಾಲ್ಕಕ್ಕೆ ಇಡ್ಲಾ ಮಾವ?' ಎಂದು ಕೇಳಿದ್ದು ಕೇಳಿ ಅವನಿಗೇ ಅಸಹ್ಯವಾಯಿತು. ಲಕ್ಷ್ಮಿದೇವಮ್ಮ ಮಗುವನ್ನು ಬಾಗಿಲಿನ ಪಕ್ಕ, ಬೀದಿಯ ಗಾಳಿ ಒಂದಿಷ್ಟು ಸುಳಿಯುವ ಕಡೆ ಮಲಗಿಸಿಕೊಂಡು, ತಲೆಯ ಮೇಲೆ ಫ್ಯಾನು ಗರಗರ ತಿರುಗುತ್ತಿರುವಾಗಲೇ, ಸೆರಗಿನಿಂದ ಮಗುವಿಗೆ ಗಾಳಿ ಹಾಕುತ್ತಿದ್ದಳು. ಮಗುವಿನ ಕತ್ತಿನ ಮಡಿಕೆಯಲ್ಲಿ ಕೆಂಪಗೆ ಬೆವರುಸಾಲೆ ಎದ್ದಿತ್ತು. ಊಟವಾಗಿ ಕೈ ತೊಳೆದು ಬಂದವಳು, ಯಾರನ್ನೂ ನೋಡದೆ, 'ಅಪ್ಪಯ್ಯ, ನಾನೂ ಬರ್ತೀನಿ ಮೂರೂವರೆ ಬಸ್ಸಿಗೆ' ಎಂದಳು.

ಆಗ ಎರಡು ಗಂಟೆ. ಮಗು ಕಿರಿಕಿರಿಯಿಂದ ಚೀರತೊಡಗಿತು. ಏನು ಮಾಡಬೇಕೆಂದು ತೋಚದೆ ಆನಂದಪ್ಪ ಹೋಗಿ ಅದನ್ನು ಎತ್ತಿಕೊಂಡ. ಎತ್ತಿಕೊಂಡು ರೂಢಿಯಿಲ್ಲ, ಮಡಕೆ ಹೊತ್ತಂತೆ ಹೆಗಲ ಮೇಲೆ ಇಟ್ಟುಕೊಂಡ. 'ನೋಡು ಪುಟ್ಟಾ, ಫ್ಯಾನು, ಫ್ಯಾನು' ಎಂದ. ಮಗು ಅಳು ನಿಲ್ಲಿಸಿ ಮೇಲೆ ನೋಡಿತು. ಅದಕ್ಕೆ ಕಾಣಲೆಂದು ರೆಗ್ಯುಲೇಟರನ್ನು ಒಂದಕ್ಕೆ ಇಳಿಸಿದ. ರೆಕ್ಕೆಗಳು ನಿಧಾನವಾಗಿ ಬಿಡಿಬಿಡಿಯಾದವು, ಕುಂಕುಮ ಹಚ್ಚಿದ ರೆಕ್ಕೆ ಎದ್ದು ಕಂಡಿತು. ಮಗುವಿನ ಕಣ್ಣು ಆ ಕೆಂಪಿನ ಹಿಂದೆಯೇ ಹೊರಟಿತು. ಅದು ತಿರುಗಿದತ್ತ ತಾನೂ ತಿರುಗಿದರೆ ಸುಮ್ಮನಿರುತ್ತದೆಂದು ಆನಂದಪ್ಪ ಕತ್ತೆತ್ತಿಕೊಂಡು ಆ ರೆಕ್ಕೆಯ ಕೆಳಗೇ, ಅದರ ಹಿಂದೆಯೇ ನಡುಮನೆಯಲ್ಲಿ ಸುತ್ತು ಹಾಕತೊಡಗಿದ. ಮಗು ನಕ್ಕಿತು! ಎರಡು ಹಲ್ಲು ಕಾಣುವ ಹಾಗೆ, ಗಟ್ಟಿಯಾಗಿ. ಅವನೂ ನಕ್ಕು ಮೂರನೆಯ ಸುತ್ತಿಗೆ ಹೊರಟಾಗ, ಎಲೆ ಎತ್ತುತ್ತಿದ್ದ ಸೊಣ್ಣಮ್ಮ ಬೆಚ್ಚಿಬಿದ್ದು, 'ಲೋ ಲೋ! ನಿಲ್ಲೋ! ಕೂಸಿನ ಹೆಗಲ ಮೇಲೆ ಇಟ್ಕೊಂಡು ಎಡಕ್ಕೆ ಸುತ್ತುತೀಯಲ್ಲೋ! ಬುದ್ಧಿ ಐತಾ ನಿಂಗೆ?' ಎಂದು ಕಿರುಚಿದಳು.

'ಎಡಕ್ಕೆಲ್ಲವ್ವ? ನಾನು ಫ್ಯಾನಿನ ಜೊತೆಗೇ ಹೋಗ್ತಿದೀನಿ' ಎಂದ ಆನಂದಪ್ಪ, ನಿಂತು.

'ಫ್ಯಾನು ಬಲಕ್ಕೆ ಸುತ್ತುತಾ ಐತೆ. ನೀನು ಎಡಕ್ಕೆ ಸುತ್ತುತಾ ಇದ್ದೀಯ.'

'ಅದು ಹೋದತ್ತಾನೇ ನಾನೂ ಹೋಗ್ತಿರೋದು!'

ಸೊಣ್ಣಮ್ಮ ಎಲೆಗಳನ್ನು ಕೆಳಗಿಟ್ಟು ಬಂದಳು. ಕತ್ತೆತ್ತಿ, ಸೀರೆ ಎತ್ತಿ ಸಿಕ್ಕಿಸಿ, ಗುಡಿಯಲ್ಲಿ ಸುತ್ತುವ ಹಾಗೆ ನಡುಮನೆಯ ಮಧ್ಯವನ್ನು ಬಲಗೈಗೆ ಇಟ್ಟುಕೊಂಡು ನಡೆದಳು. ಕುಂಕುಮದ ರೆಕ್ಕೆ ಎದುರಿನಿಂದ ಬಂದು ಅವಳ ತಲೆಯ ಮೇಲೆ ಹಾದುಹೋಯಿತು. ಮತ್ತೊಂದು ಸುತ್ತು, ಮತ್ತೆ ಎದುರಿಗೇ ಬಂತು. 'ಇದೇನಪ್ಪಾ ಇದು' ಎಂದು ಪಿಳ್ಳಪ್ಪನೂ ಎದ್ದರು. ನಿಂತು ನೋಡಿದರೆ ಬಲಕ್ಕೆ; ಜೊತೆಯಲ್ಲಿ ನಡೆದರೆ ಎಡಕ್ಕೆ. ಅವರಿಗೆ ನಂಬಿಕೆ ಬರದೆ ಅಳಿಯನ ಹಿಂದೆ ಒಂದು ಸುತ್ತು ಹಾಕಿದರು, ಬೀಗಿತ್ತಿಗೆ ಡಿಕ್ಕಿ ಹೊಡೆದರು, ಕ್ಷಮಿಸಿ ಎಂದು ಇನ್ನೊಂದು ಕಡೆಗೆ ತಿರುಗಿದರು. ಮೂವರೂ ಕತ್ತೆತ್ತಿಕೊಂಡು, ಇಬ್ಬರು ಬಲಕ್ಕೆ, ಒಬ್ಬರು ಎಡಕ್ಕೆ, ಫ್ಯಾನಿನ ಕೆಳಗೆ ಸುತ್ತಿದರು. ಕೊನೆಗೆ ಪಿಳ್ಳಪ್ಪ ನಿಂತು, ಟವಲು ಕೊಡವಿ, 'ಅಮ್ಮಾ, ನಾವು ಕೆಳಗಿಂದ ನೋಡ್ತಾ ಇದ್ದೀವಿ. ಗುಡಿಲಿ ಸುತ್ತೋನ ಕಾಲಡಿ ಮಲಗಿ ನೋಡಿದ್ರೆ ಅವನೂ ಎಡಕ್ಕೇ ಸುತ್ತಿದಂಗೆ ಕಾಣ್ತಾನೆ' ಎಂದರು. ಸೊಣ್ಣಮ್ಮ ಬಾಯ ಮೇಲೆ ಸೆರಗಿಟ್ಟುಕೊಂಡಳು. 'ಅಂಗಾದ್ರೆ ಸೋಮವಾರ ಸುತ್ತುತಿದ್ದಿದ್ದು ಬಲಕ್ಕೇನಾ?' 'ಸೋಮವಾರ ಬೇರೆ ಕಡೆ ಸುತ್ತುತಿತ್ತಾ?' ಎಂದು ಕೇಳಿದವಳು ಬಾಗಿಲಿನ ಪಕ್ಕ ಕೂತಿದ್ದ ಲಕ್ಷ್ಮಿದೇವಮ್ಮ. ಬಂದಾಗಿನಿಂದ ಅವಳು ಕೇಳಿದ ಮೊದಲ ಪ್ರಶ್ನೆ.

ಆನಂದಪ್ಪ ಮಗುವನ್ನು ಅವ್ವನ ಕೈಗೆ ಕೊಟ್ಟು, ಅಂಗಿ ತೊಟ್ಟುಕೊಂಡು ಬೀದಿಗಿಳಿದ. ಎರಡು ತಂತಿ, ಐದು ನಿಮಿಷದ ಕೆಲಸ. ತಾನೇ ಮುಟ್ಟೋಣವೆಂದರೆ ಕರೆಂಟಿನ ಭಯ. ಜಾಫರ್ ಬಂದರೆ ಸಾಕು, ಮಾತಿಲ್ಲದೆ ಎಲ್ಲ ಸರಿಹೋಗುತ್ತದೆ. ಗಾಳಿ ತಾನೇ ಮಾತಾಡುತ್ತದೆ. ಬಿಸಿಲಿನಲ್ಲಿ ಪಂಚೆ ಎತ್ತಿಕಟ್ಟಿ ಓಡಿದ. ಅಂಗಡಿ ಮುಚ್ಚಿತ್ತು. ಹಿಂದುಗಡೆಯ ಮನೆಯ ಬಾಗಿಲಿಗೆ ಹೋಗಿ ಕೂಗಿದ. ಪರದೆಯ ಆಚೆಯಿಂದ ಜಾಫರನ ಹೆಂಡತಿ ಜಾಹಿದಾ, 'ಅವರು ಹೆಬ್ಬಾಳಕ್ಕೆ ಹೋಗಿದಾರೆ, ಬರೋದು ಐದು ಗಂಟೆ ಆಗ್ತದೆ. ಏನು ಹೇಳ್ಬೇಕು?' ಎಂದಳು.

ಐದು ಗಂಟೆ! 'ಹೇಳಿ...' ಎಂದ ಆನಂದಪ್ಪ. ನೀಲಿ ಪರದೆ ಅವನ ಮುಂದೆ ಅಲುಗದೆ ನಿಂತಿತ್ತು. 'ಫ್ಯಾನು ಮೊದಲಿದ್ದ ಹಾಗೇ ಮಾಡ್ಬೇಕು ಅಂತ ಹೇಳಿ. ಮೊದಲಿದ್ದದ್ದೇ... ಅವರು ಹೇಳಿದ್ದೇ... ಅಂದ್ರೆ, ಅದು ಸರಿಯಾಗಿತ್ತು ಅಂತ.' 'ಯಾರು ಹೇಳಿದ್ದು ಸರಿ?' ಎಂದು ಪರದೆ ಕೇಳಿತು, ಪಾಪ, ಸರಿಯಾಗಿ ತಿಳಿದುಕೊಳ್ಳಲೆಂದೇ. 'ಜಾಫರ್ ಹೇಳಿದ್ದು ಸರಿ.' 'ಮತ್ತೆ ತಪ್ಪು ಯಾರ್ದು ಅನ್ಬೇಕು?' ಆನಂದಪ್ಪ ಬೀದಿಯ ಆ ಕಡೆ ಈ ಕಡೆ ನೋಡಿದ. ಒಂದು ಮೇಕೆ ಬಿಟ್ಟರೆ ಯಾರೂ ಇರಲಿಲ್ಲ. 'ನಂದು' ಎಂದ. ಅಂದಮೇಲೆ, ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ಮೇಕೆ ಕೂಡ ತಲೆಯೆತ್ತಲಿಲ್ಲ. ಇಷ್ಟೇನಾ, ಎಂದುಕೊಂಡ ಅವನು. ಮೂವತ್ತೆಂಟು ವರ್ಷ ಇಷ್ಟಕ್ಕೇನಾ ಹೆದರಿದ್ದು? ಆದರೆ ಮನೆಯ ಕಡೆ ಹೆಜ್ಜೆ ಹಾಕುತ್ತಿದ್ದಂತೆ ಆ ಧೈರ್ಯ ಕರಗಿತು. ಪರದೆಗೆ ಹೇಳುವುದು ಬೇರೆ, ಲಕ್ಷ್ಮಿದೇವಮ್ಮನಿಗೆ ಹೇಳುವುದು ಬೇರೆ. ವಿಷಾದಿಸುತ್ತೇವೆ ಎನ್ನಬಹುದೇ? ಬಹುವಚನದಲ್ಲಿ ಎಷ್ಟು ಸುಲಭವಾಗಿತ್ತು! ಬೇರೆಯವರ ಸಹಿ ಬೀಳುವ ವಿಷಾದ ಎಷ್ಟು ಬೇಕಾದರೂ ಬರೆಯಬಹುದು.

ಮನೆಗೆ ಬಂದಾಗ ಮೂರೂಕಾಲು. ಲಕ್ಷ್ಮಿದೇವಮ್ಮ ಚೀಲ ಮುಂದಿಟ್ಟುಕೊಂಡು, ಮಗುವಿಗೆ ಟೋಪಿ ಕಟ್ಟಿ ಬಾಗಿಲಲ್ಲೇ ಕೂತಿದ್ದಳು. ಪಿಳ್ಳಪ್ಪ ಹೊರಗೆ ಚಪ್ಪಲಿ ಮೆಟ್ಟಿ ನಿಂತಿದ್ದರು. ಸೊಣ್ಣಮ್ಮ ಗೋಡೆಗೆ ಮುಖಮಾಡಿ ಮೂಗು ಒರೆಸುತ್ತಿದ್ದಳು. ಯಾರೂ ನಿಲ್ಲಿಸದ ಫ್ಯಾನು ಒಂದನೇ ನಂಬರಿನಲ್ಲಿ ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಆನಂದಪ್ಪ ಏದುಸಿರು ಬಿಡುತ್ತಾ ಹೊಸಿಲಲ್ಲಿ ನಿಂತ. ಅವಳು ಕೂತಿದ್ದರಿಂದ ಒಳಗೆ ಹೋಗಲು ದಾರಿಯಿರಲಿಲ್ಲ. 'ಜಾಫರ್ ಇಲ್ಲ' ಎಂದ. 'ಬರೋದು ಐದು ಗಂಟೆಗೆ.' 'ಹೂಂ' ಎಂದಳು. ದೂರದಲ್ಲಿ ಮೂರೂವರೆಯ ಬಸ್ಸಿನ ಹಾರನ್ನು ಕೇಳಿಸಿತು, ಅಥವಾ ಕೇಳಿಸಿತೆಂದು ಅವನಿಗೆ ಭ್ರಮೆಯಾಯಿತು. ಇನ್ನು ತಡೆಯಲಾಗಲಿಲ್ಲ. 'ಫ್ಯಾನು ಸರಿಯಾಗಿತ್ತು. ಸೋಮವಾರ ಅಷ್ಟು ಗಾಳಿ ಬರ್ತಿತ್ತು. ನಾನೇ ಹೋಗಿ ತಿರುಗಿಸ್ದೆ. ಅವ್ವ ಅಲ್ಲ, ನಾನೇ. ಜಾಫರ್ ಬೇಡ ಅಂದ, ಗಾಳಿ ಮೇಲಕ್ಕೆ ಹೋಗುತ್ತೆ ಅಂದ, ನಾನು ಕೇಳ್ಲಿಲ್ಲ. ತಪ್ಪು ನಂದು' ಎಂದ. ಹೇಳಿ ನಿಲ್ಲಿಸಬೇಕೆಂದಿದ್ದವನಿಗೆ ನಿಲ್ಲಿಸಲು ಆಗಲಿಲ್ಲ. ಕಟ್ಟೆಯೊಡೆದ ಕೆರೆಯ ಹಾಗೆ ಮಾತು ಬಂತು. 'ತಾರಸಿನೂ ಬೇಡ ಅಂದೆ ನೀನು. ಅದನ್ನೂ ಕೇಳ್ಲಿಲ್ಲ. ಆಮೇಲೆ ಅವರ ಮುಂದೆಲ್ಲ... ಬಿದ್ಕೋ ಅಂದೆ. ನಿಮ್ಮಪ್ಪನ ಮನೆಗೆ ಗುಡ್ಲು ಅಂದೆ. ಮಾವ, ನಿಮ್ಮದು ಗುಡ್ಲಲ್ಲ. ಅದೂ ತಪ್ಪೇ.' ಪಿಳ್ಳಪ್ಪ ಗಾಬರಿಯಾಗಿ, 'ಅಯ್ಯೋ ಬುಡಿ ಅಳಿಮಯ್ಯ' ಎಂದು ಚಪ್ಪಲಿ ಬಿಟ್ಟು ಮತ್ತೆ ಮೆಟ್ಟಿದರು.

ಲಕ್ಷ್ಮಿದೇವಮ್ಮ ಅವನ ಮುಖವನ್ನು ನೋಡಿದಳು. ಧೂಳು, ಬೆವರು, ತಪ್ಪು ಗುಂಡಿ ಹಾಕಿದ ಅಂಗಿ. ಏನೋ ಹೇಳಲು ಬಾಯಿ ತೆರೆದವಳು, ಅವನ ಹಿಂದೆ ಅಪ್ಪನನ್ನೂ, ಒಳಗೆ ಅತ್ತೆಯನ್ನೂ ನೋಡಿ, ತುಟಿ ಕಚ್ಚಿದಳು. ಹೆಗಲು ಕುಲುಕಿತು. ಅಳುತ್ತಿದ್ದಾಳೆಂದುಕೊಂಡ ಆನಂದಪ್ಪ. ಅಳು ಅಲ್ಲ. 'ಮೂರು ಜನಾನೂ ಕತ್ತೆತ್ಕೊಂಡು...' ಎಂದಳು, ಮುಂದೆ ಹೇಳಲಾಗಲಿಲ್ಲ. 'ಅಪ್ಪಯ್ಯ ಡಿಕ್ಕಿ ಹೊಡೆದು... ಕ್ಷಮಿಸಿ ಅಂತ...' ಹೊಟ್ಟೆ ಹಿಡಿದುಕೊಂಡು ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು, ಮಗುವೂ ಅವಳನ್ನು ನೋಡಿ 'ಹ್ಹೆ' ಎಂದಿತು. ಅವಳು ಮಗುವಿನ ಟೋಪಿಯ ದಾರ ಬಿಚ್ಚಿದಳು. 'ಅಪ್ಪಯ್ಯ, ನೀನು ಹೊರಡು, ಬಸ್ಸು ತಪ್ಪಿಹೋದೀತು' ಎಂದಳು. ಆಮೇಲೆ ಗಂಡನ ಕಡೆ ತಿರುಗಿ, ನಗು ಒರೆಸಿಕೊಂಡು, ಗಟ್ಟಿ ದನಿಯಲ್ಲಿ, 'ಗಾಳಿ ಇಲ್ದೆ ನಾನು ಇಲ್ಲಿ ಇರಾಕಿಲ್ಲ, ಈಗ್ಲೇ ಹೇಳಿದ್ದೀನಿ. ಐದು ಗಂಟೆ ತನಕ ಏನ್ ಮಾಡ್ತೀರ?' ಎಂದಳು.

ಅವನು ಸುತ್ತ ನೋಡಿದ. ಮೂಲೆಯಲ್ಲಿ ಫ್ಯಾನು ಬಂದಿದ್ದ ರಟ್ಟಿನ ಪೆಟ್ಟಿಗೆ ಇತ್ತು. ಅದರ ಮುಚ್ಚಳವನ್ನು ಪರ್ರನೆ ಕಿತ್ತುಕೊಂಡು ಬಂದು, ಚಾಪೆ ಹಾಸಿ, ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅವಳು ಮಗುವನ್ನು ಮಗ್ಗುಲಲ್ಲಿ ಹಾಕಿಕೊಂಡು ಮಲಗಿದಳು. ಅವನು ಬೀಸಿದ. ಮೊದಲು ಜೋರಾಗಿ ಬೀಸಿ ಮಗುವಿನ ಮುಖಕ್ಕೆ ತಾಗಿಸಿ, 'ಮೆತ್ತಗೆ' ಎಂದು ಹೇಳಿಸಿಕೊಂಡ. ಆಮೇಲೆ ಹದ ಸಿಕ್ಕಿತು. ಅವಳ ಕಿವಿಯ ಪಕ್ಕದ ಕೂದಲು ಹಾರಿತು. ಇದು ಗಾಳಿ, ಇದರಲ್ಲಿ ಅನುಮಾನವೇ ಇಲ್ಲ, ಎಂದು ಆನಂದಪ್ಪ ಆ ಕೂದಲನ್ನೇ ನೋಡುತ್ತಾ ಕೂತ. ಸೊಣ್ಣಮ್ಮ ಒಂದು ಸಲ ಬಂದು ನೋಡಿ, ಫ್ಯಾನು ಆರಿಸಿ, ಸದ್ದು ಮಾಡದೆ ಹೋದಳು. ಬಸ್ಸು ಬಂದು ಹೋದದ್ದು ಕೇಳಿಸಿತು. ಮಗು ಮಲಗಿತು, ಆಮೇಲೆ ಅವಳೂ, ಬಾಯಿ ಸ್ವಲ್ಪ ತೆರೆದು.

ಐದು ಗಂಟೆಗೆ ಜಾಫರ್ ಬಂದ, ಹೆಗಲ ಮೇಲೆ ಏಣಿ, ಕೈಯಲ್ಲಿ ಕತ್ತರಿ ಇಕ್ಕಳ. ಬಾಗಿಲಲ್ಲಿ ನಿಂತು, 'ಸಾರ್, ನಾನು ಹೇಳಿದ್ದೆ...' ಎಂದು ಗಂಟಲೆತ್ತಿದವನು ಒಳಗೆ ನೋಡಿ ಅಲ್ಲಿಗೇ ನಿಲ್ಲಿಸಿದ. ಆನಂದಪ್ಪನ ರಟ್ಟೆ ಕಳಚಿ ಬೀಳುತ್ತಿತ್ತು. ಎಡಗೈಯ ಬೆರಳನ್ನು ತುಟಿಯ ಮೇಲಿಟ್ಟು, 'ನಾಳೆ ಬಾ' ಎಂದು ದನಿಯಿಲ್ಲದೆ ಹೇಳಿ, ಕೈ ಬದಲಾಯಿಸಿದರೆ ಎಲ್ಲಿ ಅವಳಿಗೆ ಎಚ್ಚರವಾದೀತೋ ಎಂದು ಹೆದರಿ, ಅದೇ ಕೈಯಲ್ಲಿ ಬೀಸುತ್ತಲೇ ಇದ್ದ.